ಧ್ವನಿಚಿಕಿತ್ಸೆ, ವಿಕಿರಣಚಿಕಿತ್ಸೆ: ‘ಸುಡುವುದು’ ಎಂಬ ಮಾತಿನ ವಿಚಾರ

ಶಸ್ತ್ರದಿಂದ ಛೇದಿಸದೆಯೇ ದೇಹದೊಳಗಣ ರೋಗವನ್ನು ನಾಶಪಡಿಸುವ ಎರಡು ಉಪಾಯಗಳು ಈಗ ಬಳಕೆಯಲ್ಲಿವೆ. ಒಂದು, ಕೇಂದ್ರೀಕರಿಸಿದ ಶ್ರವಣಾತೀತ ಧ್ವನಿ, ಇನ್ನೊಂದು, ವಿಕಿರಣ. ಇವೆರಡನ್ನೂ ‘ಕಿರಣಗಳಿಂದ ಸುಡುವುದು’ ಎಂದು ಕನ್ನಡದಲ್ಲಿ ಬರೆಯುವವರುಂಟು. ಈ ಮಾತು ಎರಡೆಡೆಯಲ್ಲಿಯೂ ಅರ್ಧ ಮಾತ್ರ ಸಾಧು: ಧ್ವನಿಯು ಸುಡುತ್ತದೆ, ಕಿರಣವಲ್ಲ, ವಿಕಿರಣವು ಕಿರಣವಹುದು, ಸುಡುವುದಿಲ್ಲ.

ಸೆಕೆಂಡಿಗೆ ೨೦,೦೦೦ಕ್ಕೆ ಮೀರಿದ ಕಂಪನಗಳುಳ್ಳ ಧ್ವನಿಯು ನಮ್ಮ ಕಿವಿಗೆ ಗೋಚರವಾಗದು. ಚಿಕಿತ್ಸೆಯಲ್ಲಿ ಕಂಪನಗಳು ಲಕ್ಷಗಟ್ಟಲೆ. ಅಷ್ಟಾಂಗಹೃದಯದ ಸೂತ್ರಸ್ಥಾನದ ೩೦ನೆಯ ಅಧ್ಯಾಯದಲ್ಲಿ ವಾಗ್ಭಟನು ಚರ್ಮದಹನಕ್ಕೆ ಹೇಳಿರುವ ಸಾಧನಗಳಲ್ಲಿ ಸೂರ್ಯಕಾಂತವೂ ಒಂದು. ಚದರಿದ ಬಿಸಿಲು ಸುಡದು. ಬಿಂದುವಿನಲ್ಲಿ ಕೂಡಿದರೆ ಸುಡುವುದು. ಧ್ವನಿಚಿಕಿತ್ಸೆಯ ತತ್ತ್ವವೂ ಇದೇ; ಆದರೆ ಇಲ್ಲಿ ಆ ಬಿಂದುವನ್ನು ಚರ್ಮಕ್ಕೆ ಬಾಧೆಯಿಲ್ಲದೆ ಆಳದಲ್ಲಿರಿಸಬಹುದು. ಅಮೆರಿಕದಲ್ಲಿ ಲಿನ್ ಮೊದಲಾದವರು ೧೯೪೨ರಲ್ಲಿಯೇ ಇದನ್ನು ಪ್ರಯೋಗದಿಂದ ತೋರಿಸಿದ್ದರು. ಕೈನಡುಕದ ರೋಗಕ್ಕೆ ಅಲ್ಲಿನ ಸರ್ಕಾರವು ೨೦೧೬ರಲ್ಲಿ ಅನುಮತಿಯಿತ್ತ ಯಂತ್ರದಲ್ಲಿ, ಶಿರಸ್ತ್ರಾಣದಂತೆ ತಲೆಯನ್ನು ಕವಿಯುವ ೧,೦೨೪ ಧ್ವನಿಜನಕಗಳಿವೆ. ಇವೆಲ್ಲವೂ ಮಿದುಳಿನ ಥಾಲಮಸ್ ಎಂಬ ಭಾಗದ ಒಂದು ಚಿಕ್ಕ ತಾಣದಲ್ಲಿ ಸಂಗಮಿಸುತ್ತವೆ. ಎಂ.ಆರ್.ಐ. ಯಂತ್ರವು ಅಲ್ಲಿಯ ಉಷ್ಣವನ್ನು ಅಳೆಯುತ್ತಿರುತ್ತದೆ. ಅದು ೫೫ ಡಿಗ್ರಿ ಸೆಂಟಿಗ್ರೇಡಿಗೆ ಏರಿದರೆ ಆ ಧಾತು ಬೇಯುತ್ತದೆ. ರೋಗಿಯು ಎಚ್ಚರವಾಗಿಯೇ ಇದ್ದು, ನಡುನಡುವೆ ಸುರುಳಿಗೆರೆ ಬರೆದು ತೋರಿಸುವನು; ನಡುಕ ಇಳಿದುದು ಗೆರೆಯಲ್ಲಿಯೇ ಕಾಣುವುದು. (ಉಷ್ಣವಿಲ್ಲದೆ, ಸೂಕ್ಷ್ಮ ಗುಳ್ಳೆಗಳ ಆಘಾತದಿಂದ ಗಂತಿಯನ್ನು ಒಡೆಯುವ ಕ್ರಮವೂ ಉಂಟು, ಅದು ಬೇರೆ ವಿಷಯ.)

ವಿಕಿರಣದ ರೀತಿಯೇ ಬೇರೆ. ಒಂದು ಕಿಲೋಗ್ರಾಂ ದೇಹಧಾತುವಿನಲ್ಲಿ ಒಂದು ಜೌಲ್ ಶಕ್ತಿ ಸೇರಿದರೆ ಅದು ಒಂದು ಗ್ರೇ. ದಿನವೊಂದಕ್ಕೆ ಸಾಮಾನ್ಯವಾಗಿ ಕೊಡುವುದು ಸುಮಾರು ೨ ಗ್ರೇ. ಇಷ್ಟು ಶಕ್ತಿಯಿಂದ ನೀರಿನ ಉಷ್ಣವು ಏರುವುದು ಒಂದು ಡಿಗ್ರಿಯ ೨,೦೦೦ದಲ್ಲಿ ಒಂದು ಪಾಲು ಮಾತ್ರ! ಇದನ್ನು ದಹನವೆನ್ನುವುದೆಂತು? ವಿಕಿರಣವು ಜೀವಕೋಶದ ಡಿ.ಎನ್.ಎ. ತಂತುವನ್ನು ತುಂಡರಿಸುತ್ತದೆ, ಬಹುಮಟ್ಟಿಗೆ ಕೋಶವು ಆಗಲೇ ಸಾಯದೆ, ಮುಂದೆ ಇಬ್ಭಾಗವಾಗಲು ಹೊರಟಾಗ ಸಾಯುತ್ತದೆ. ಸ್ವಸ್ಥ ಕೋಶಗಳಿಗೆ ತಮ್ಮ ತಂತುವನ್ನು ಸರಿಪಡಿಸಿಕೊಳ್ಳಲು ಅವಕಾಶ ದೊರೆಯಲೆಂದೇ ಮಾತ್ರೆಯನ್ನು ಅನೇಕ ದಿನಗಳಿಗೆ ಹಂಚುವರು. ಚರ್ಮವು ಕೆಂಪಾಗುವುದುಂಟಲ್ಲ ಎಂದು ಆಕ್ಷೇಪಿಸಬಹುದು. ಅಹುದು, ಆದರೆ ಅದು ಕೆಲವು ದಿನಗಳ ಮೇಲೆ ತೋರುವ ಕೋಶಹಾನಿಯ ಲಕ್ಷಣವೇ ಹೊರತು ಉಷ್ಣದಿಂದಾದ ಸುಟ್ಟಗಾಯವಲ್ಲ.

ಇದು ಬರಿಯ ಶಬ್ದಚರ್ಚೆಯೆಂದು ಕೆಲವರಿಗೆ ತೋರಬಹುದು. ನಮ್ಮ ಬಂಧುವರ್ಗದ ವೃದ್ಧೆಯೊಬ್ಬರು, ಕನ್ನಡದ ಒಂದು ಕೈಪಿಡಿಯಲ್ಲಿ ‘ಗಂತಿಯನ್ನು ಸುಡುತ್ತಾರೆ’ ಎಂದಿದ್ದುದನ್ನು ಮೊಮ್ಮಗನಿಂದ ಓದಿಸಿ ಕೇಳಿ, ಎರಡು ತಿಂಗಳು ವಿಕಿರಣಚಿಕಿತ್ಸೆಗೆ ಒಪ್ಪಲಿಲ್ಲ. ಆ ಎರಡು ತಿಂಗಳಲ್ಲಿ ಗಂತಿ ಬೆಳೆಯಿತು.