ಮೈರೇಯದ ಕ್ವಾಥವೂ ಹಾಪ್ ಸಾರವೂ

ಜಟಿಂಗ ರಾಮೇಶ್ವರದ ಬಂಡೆಯಲ್ಲಿ 1892ರಲ್ಲಿ ಬಿ. ಎಲ್. ರೈಸರಿಗೆ ದೊರೆತ ಅಶೋಕಶಾಸನವು ಈ ನಾಡಿನಲ್ಲಿ ಮೌರ್ಯರ ಆಳಿಕೆಗೆ ಸಾಕ್ಷಿ. ಅದರಲ್ಲಿ ಮದ್ಯದ ಮಾತಿಲ್ಲ. ಅದಕ್ಕೆ, ಪರಂಪರೆಯು ಮೌರ್ಯಮಂತ್ರಿಯ ಕೃತಿಯೆನ್ನುವ, ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಸುರಾಧ್ಯಕ್ಷಪ್ರಕರಣವನ್ನು ನೋಡಬೇಕು. ಗೃಹಸ್ಥರು ಗೃಹಕೃತ್ಯಗಳಿಗಾಗಿ ಶ್ವೇತಸುರೆಯನ್ನು ತಾವೇ ಮಾಡಿಕೊಳ್ಳಬಹುದೆಂದು ಅಲ್ಲಿ ವಿಧಿಯುಂಟು. ಮೈರೇಯಕ್ಕೆ ಮೇಷಶೃಂಗಿಯ ತೊಗಟೆಯ ಕ್ವಾಥ, ಬೆಲ್ಲ, ಹಿಪ್ಪಲಿ, ಮೆಣಸುಗಳನ್ನು ಹೇಳಿದೆ.

ಈ ಕ್ವಾಥವನ್ನು ಮನೆಯಲ್ಲಿ ಬಿಯರ್ ಮಾಡುವವರು ಬಳಸುವ ಹಾಪ್ ಸಾರಕ್ಕೆ ಸಮವೆನ್ನಬಹುದೆ? ಹಾಪ್ ಹೂವಿನ ರಾಳದಲ್ಲಿರುವ ಆಲ್ಫಾ ಆಮ್ಲಗಳು ನೀರಿನಲ್ಲಿ ಸುಲಭವಾಗಿ ಕರಗವು; ಸುಮಾರು ಒಂದು ಗಂಟೆ ಕುದಿಸಿದರೆ ರೂಪಾಂತರ ಹೊಂದಿ ಕಹಿ ಕೊಡುವುವು. ಆ ರಾಳವನ್ನು ಇಂದು ಒತ್ತಡಕ್ಕೊಳಪಡಿಸಿದ ಇಂಗಾಲದ ಡೈಆಕ್ಸೈಡಿನಿಂದ ತೆಗೆಯುವರು. ಕಹಿಗಾಗಿ ಸಾರವನ್ನೂ ಕುದಿಸಲೇಬೇಕು. ಮೊದಲೇ ರೂಪಾಂತರಗೊಳಿಸಿದುದನ್ನಾದರೋ ಹುದುಗಿದ ಬಳಿಕವೂ ಬೆರೆಸಬಹುದು. ಮೈರೇಯದ ಕ್ವಾಥವು ನೀರಿನಿಂದಲೇ ತೆಗೆದುದು, ಹುದುಗುವುದಕ್ಕೆ ಮೊದಲಿನದು.

ಮೇಷಶೃಂಗಿಯನ್ನು ಹಲವರು ಮಧುನಾಶಿನಿಯೆಂದು ಗುರುತಿಸುವರು. ಅದರ ಎಲೆಯನ್ನು ಅಗಿದರೆ ನಾಲಗೆಗೆ ಸಿಹಿಯೇ ತಿಳಿಯದು. ಬಿಯರಿಗೆ ಮೂಲ ಧಾನ್ಯ, ಮೈರೇಯಕ್ಕೆ ಬೆಲ್ಲ. ಆದುದರಿಂದ ಮೈರೇಯವನ್ನು ಬಿಯರೆಂದು ಅನುವಾದಿಸುವುದು ತರವಲ್ಲ. ಪಾಠ ಹೇಳುವವರು ಮೂಲದ ಹೆಸರನ್ನು ಉಳಿಸಿ, ಪಾಕಕ್ರಮವನ್ನು ವಿವರಿಸುವುದೇ ಲೇಸು.