ಸಿಂಗಳೀಕವೂ ಕಲ್ಲುಹೂವೂ

ಸಿಂಗಳೀಕವನ್ನು ಕುರಿತ ನಮ್ಮ ಮಾತುಕತೆ ಕಾರ್ಯಕ್ರಮ ನೋಡಿ ಜೇವರ್ಗಿ ತಾಲ್ಲೂಕಿನ ಅಂದೋಲಾದ ವೀಕ್ಷಕರೊಬ್ಬರು ಪತ್ರ ಬರೆದಿದ್ದಾರೆ. ‘ಮಂಗಕ್ಕೆ ಅಭಯಾರಣ್ಯ ಮಾಡುತ್ತೀರಿ. ನಾವು ಮಸಾಲೆ ಖಾರಕ್ಕೆ ಹಾಕುವ ಕಲ್ಲುಹೂವೂ ಕಾಡಿನದೇ ಅಲ್ಲವೇ? ಅದಕ್ಕೇನು ವ್ಯವಸ್ಥೆ?’ ಸ್ಟುಡಿಯೋದಲ್ಲಿ ಕುಳಿತ ನಮಗಾರಿಗೂ ಹೊಳೆಯದ ಪ್ರಶ್ನೆ.

ಸಿಂಗಳೀಕದ ಲೆಕ್ಕ ಸಿಗುತ್ತದೆ. ಪಶ್ಚಿಮಘಟ್ಟ ಬಿಟ್ಟರೆ ಬೇರಾವ ಕಾಡಿನಲ್ಲೂ ಇಲ್ಲದ ಈ ಕೋತಿ ಒಟ್ಟು ಸುಮಾರು 4,000 ಇರಬಹುದೆಂಬ ಅಂದಾಜಿದೆ. 1972ರ ವನ್ಯಜೀವಿ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ಜಾಗವಿದೆ. 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ, 2019ರಲ್ಲಿ ಶರಾವತಿ ಕಣಿವೆಯಲ್ಲಿ ಅದರ ಹೆಸರಿನಲ್ಲೇ ಕಾಡು ಮೀಸಲಾಯಿತು.

ಕಲ್ಲುಹೂವು ಹೂವಲ್ಲ, ಗಿಡವೂ ಅಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ಹೂಡಿದ ಸಂಸಾರ ಅದು. ಶಿಲೀಂಧ್ರ ಮನೆ ಕಟ್ಟಿಕೊಡುತ್ತದೆ, ಪಾಚಿ ಬಿಸಿಲಿನಿಂದ ಅಡುಗೆ ಮಾಡುತ್ತದೆ. ಬೇರಿಲ್ಲದ್ದರಿಂದ ನೀರು, ಲವಣಗಳೆಲ್ಲ ಮಳೆ, ಮಂಜು, ಗಾಳಿಯಿಂದಲೇ ಬರಬೇಕು. ಹೀಗಾಗಿ ಹೊಗೆಯಲ್ಲಿನ ಗಂಧಕದ ಡೈಆಕ್ಸೈಡ್ ಅನೇಕ ಜಾತಿಗಳಿಗೆ ವಿಷ. ಬೆಳವಣಿಗೆಯೋ, ಹೆಚ್ಚಿನವುಗಳಲ್ಲಿ ವರ್ಷಕ್ಕೆ ಕೆಲವೇ ಮಿಲಿಮೀಟರು! ಇದನ್ನು ಎಣಿಸುವುದಾದರೂ ಹೇಗೆ? ತುಂಡೊಂದು ಮುರಿದುಬಿದ್ದು ಬೇರೆಯಾಗಿ ಬೆಳೆದರೆ ಅದು ಒಂದೋ, ಎರಡೋ? ಕಿರಾಣಿ ಅಂಗಡಿಯ ಚೀಲದಲ್ಲಂತೂ ಕಲ್ಲುಹೂವೆಂಬ ಒಂದೇ ಹೆಸರಿನಡಿ ಹಲವು ಜಾತಿಗಳು ಬೆರೆತಿರುತ್ತವೆ.

ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪುಪಟ್ಟಿಯೂ ಈ ವರ್ಗದ ಕಡೆ ಕಣ್ಣುಹಾಯಿಸಿದ್ದು ತಡವಾಗಿ. 2003ರಲ್ಲಿ ಎರಡು ಜಾತಿಗಳು ಸೇರಿದವು. ಅವುಗಳಲ್ಲೊಂದು ಅಮೆರಿಕದ ಫ್ಲಾರಿಡಾದ ಕ್ಲಾಡೋನಿಯಾ ಪರ್ಫೊರೇಟಾ. ಅದಕ್ಕೆ ಅಂದು ಸಿಕ್ಕ ದರ್ಜೆ ನಮ್ಮ ಸಿಂಗಳೀಕದ ದರ್ಜೆಯೇ. ಮರಳಿನ ಮೇಲೆ ಯಾವುದಕ್ಕೂ ಅಂಟಿಕೊಳ್ಳದೆ ಸುಮ್ಮನೆ ಬಿದ್ದಿರುವ ಜೀವಿಯಿದು. 1995ರ ಓಪಲ್ ಚಂಡಮಾರುತದಲ್ಲಿ ಸಮುದ್ರ ಒಳನುಗ್ಗಿ ಅದರ ಕರಾವಳಿಯ ನೆಲೆಗಳನ್ನು ಕೊಚ್ಚಿಕೊಂಡು ಹೋಯಿತು.

ಕೋತಿಯಾದರೆ ಓಡೀತು ಎನ್ನಬಹುದು. ಸಿಂಗಳೀಕದ ಮಟ್ಟಿಗೆ ಅದು ಅರ್ಧ ಸತ್ಯ. ಮರದ ಮೇಲೇ ಬದುಕುವ ಪ್ರಾಣಿ, ನೆಲಕ್ಕಿಳಿಯುವುದು ಅಪರೂಪ. ರಸ್ತೆಯೋ ತೋಟವೋ ನಡುವೆ ಬಂದು ಕೊಂಬೆಗಳ ಸಾಲು ತುಂಡಾದರೆ ಇದ್ದ ಚೂರು ಕಾಡಿನಲ್ಲೇ ಸಿಕ್ಕಿಬೀಳುತ್ತದೆ. ಹೆಣ್ಣು ಹೆರುವುದು ಒಂದು ಸಲಕ್ಕೆ ಒಂದೇ ಮರಿ, ಅದೂ ಎರಡು ಮೂರು ವರ್ಷಕ್ಕೊಮ್ಮೆ.

ಇನ್ನು ಪತ್ರಕ್ಕೆ ಉತ್ತರ. ಸಿಂಗಳೀಕಕ್ಕೆಂದು ಉಳಿಸಿದ ಮರದ ತೊಗಟೆಯ ಮೇಲೆ ಕಲ್ಲುಹೂವೂ ಉಳಿಯುತ್ತದೆ, ಯಾರೂ ಎಣಿಸದಿದ್ದರೂ. ಆದರೆ ನಮ್ಮ ಅಡುಗೆಮನೆಗೆ ಬರುವ ಮಾಲು ಹಿಮಾಲಯದ ಕಾಡುಗಳದ್ದೂ ಇರುತ್ತದೆ. ಅಲ್ಲಿ ಕೊಂಬೆಯಿಂದ ಕೆರೆದು ತೆಗೆಯುವವರಿಗೆ ಸಿಗುವ ಕೂಲಿ ತೂಕಕ್ಕೆ. ಯಾವ ಜಾತಿ ಹೆಚ್ಚಿದೆ, ಯಾವುದು ವಿರಳ ಎಂದು ಆರಿಸಿ ಬಿಡುವ ಪುರುಸೊತ್ತು ಅವರಿಗೆಲ್ಲಿ?