ಪವರ್ ಏರಿಸುವ ಮೊದಲು ಟೈರ್ ನೋಡಿ

ಕೆಲಸಕ್ಕೆ ಸೇರಿ ಒಂದೆರಡು ವರ್ಷ ಕಳೆದ ಮೇಲೆ ಬೆಂಗಳೂರಿನ ಹುಡುಗರು ಆಸೆಪಟ್ಟು ಕೊಳ್ಳುವ ಮೊದಲ ವೇಗದ ಕಾರುಗಳಲ್ಲಿ ಸೆಕೆಂಡ್‌ಹ್ಯಾಂಡ್ ಪೋಲೊ ಜಿಟಿ ಟಿಎಸ್‌ಐ ಒಂದು. 2013ರಲ್ಲಿ ಬಂದ ಈ ಕಾರಿಗೆ 1.2 ಲೀಟರ್ ಟರ್ಬೊ ಎಂಜಿನ್, 105 ಅಶ್ವಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್. 2022ರಲ್ಲಿ ಪೋಲೊ ಮಾರಾಟ ಭಾರತದಲ್ಲಿ ನಿಂತರೂ ಅದರ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಕಾರು ಮನೆಗೆ ಬಂದ ವಾರದೊಳಗೆ ಗೆಳೆಯರ ಸಲಹೆಗಳೂ ಬರುತ್ತವೆ. ಅವುಗಳಲ್ಲಿ ಹಲವು ಅರ್ಧ ನಿಜ. ಪೂರ್ತಿ ಸುಳ್ಳಿಗಿಂತ ಅರ್ಧ ನಿಜಕ್ಕೇ ಹೆಚ್ಚು ದುಡ್ಡು ಕಳೆದುಹೋಗುವುದು.

ನಂಬಿಕೆ: ಮೊದಲು ರೀಮ್ಯಾಪ್ ಮಾಡಿಸಬೇಕು

ಟರ್ಬೊ ಕಾರಿನಲ್ಲಿ ರೀಮ್ಯಾಪ್‌ನಿಂದ ಶಕ್ತಿ ಹೆಚ್ಚುವುದು ನಿಜ. ಟರ್ಬೊ ಎಷ್ಟು ಒತ್ತಡದಲ್ಲಿ ಗಾಳಿ ತುಂಬಬೇಕು, ಪೆಟ್ರೋಲ್ ಎಷ್ಟು ಹೋಗಬೇಕು, ಕಿಡಿ ಯಾವಾಗ ಹಾರಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು. ರೀಮ್ಯಾಪ್ ಎಂದರೆ ಆ ಲೆಕ್ಕವನ್ನು ತಿದ್ದುವುದು. ಟರ್ಬೊ ಇಲ್ಲದ ಸಾಮಾನ್ಯ ಪೆಟ್ರೋಲ್ ಎಂಜಿನ್ನಿಗೆ ಇದೇ ಕೆಲಸ ಮಾಡಿಸಿದರೆ ಸಿಗುವ ಲಾಭ ತೀರಾ ಅಲ್ಪ. ಹೆಚ್ಚು ಗಾಳಿ ತುಂಬುವ ದಾರಿಯೇ ಅಲ್ಲಿಲ್ಲ.

ಆದರೆ ಏರಿದ ಟಾರ್ಕ್ ಎಂಜಿನ್ನಿನಲ್ಲೇ ಉಳಿಯುವುದಿಲ್ಲ. ಕ್ಲಚ್, ಗೇರ್‌ಬಾಕ್ಸ್, ಡ್ರೈವ್‌ಶಾಫ್ಟ್, ಕೊನೆಗೆ ಟೈರ್, ಎಲ್ಲವೂ ಅದನ್ನು ಹೊರಬೇಕು. ಜಿಟಿ ಟಿಎಸ್‌ಐನ ಡಿಕ್ಯೂ200 ಗೇರ್‌ಬಾಕ್ಸ್‌ಗೆ ತಯಾರಕರು ಹಾಕಿದ ಮಿತಿ 250 ನ್ಯೂಟನ್ ಮೀಟರ್. ಅದರದು ಒಣ ಕ್ಲಚ್. ತಂಪು ಮಾಡಲು ಸುತ್ತ ಎಣ್ಣೆ ಇರುವುದಿಲ್ಲ. ಸಿಲ್ಕ್ ಬೋರ್ಡ್‌ನಲ್ಲಿ ಗಂಟೆಗಟ್ಟಲೆ ತೆವಳಿದ ಹಳೆಯ ಕ್ಲಚ್ ಮೇಲೆ ಹೊಸ ಟಾರ್ಕ್ ಹೇರಿದರೆ ಬರುವ ರಿಪೇರಿ ಬಿಲ್ಲು ರೀಮ್ಯಾಪ್‌ನ ಖರ್ಚನ್ನು ಮೀರಬಹುದು. ರೀಮ್ಯಾಪ್ ಮಾಡಿಸುವ ಮೊದಲು ಸ್ಪಾರ್ಕ್ ಪ್ಲಗ್, ಕಾಯಿಲ್, ಕ್ಲಚ್ ತಪಾಸಣೆ ಆಗಲಿ. ರೀಮ್ಯಾಪ್‌ಗೆ ಮೊದಲು ಮತ್ತು ನಂತರ ಒಂದೇ ಡೈನೊ ಯಂತ್ರದಲ್ಲಿ ಶಕ್ತಿ ಅಳೆದ ಚೀಟಿ ಕೊಡದ, ಕಂಪನಿಯ ಮೂಲ ಫೈಲನ್ನು ಉಳಿಸಿ ಕೈಗೊಪ್ಪಿಸದ ಟ್ಯೂನರ್ ಹತ್ತಿರ ಹೋಗಬೇಡಿ.

ನಂಬಿಕೆ: ಸದ್ದು ಜೋರಾದಷ್ಟೂ ಪವರ್ ಜಾಸ್ತಿ

ಸೈಲೆನ್ಸರ್‌ನ ಹಿಂಭಾಗವನ್ನು ಮಾತ್ರ ಬದಲಾಯಿಸಿದರೆ ಹೆಚ್ಚುವುದು ಸದ್ದೇ ಹೊರತು ಶಕ್ತಿಯಲ್ಲ. ಕಿವಿಗೆ ಕಾರು ವೇಗವಾಗಿ ಹೋದಂತೆ ಅನ್ನಿಸುತ್ತದೆ, ಗಡಿಯಾರ ಹಾಗೆ ಹೇಳುವುದಿಲ್ಲ. ಬಾನೆಟ್ ಒಳಗೆ ಬೆತ್ತಲೆಯಾಗಿ ಕೂರಿಸುವ ಕೋನ್ ಫಿಲ್ಟರ್ ಎಂಜಿನ್ ಸುತ್ತಲಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ 3ರಷ್ಟು ಇಳಿಯುತ್ತದೆ. ಹೊರಗಿನಿಂದ ತಂಪು ಗಾಳಿ ತರುವ ಕಂಪನಿಯ ಡಬ್ಬಿಯೇ ಎಷ್ಟೋ ಮೇಲು.

ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ ಕೂಡಲೇ ಪಟಪಟ ಸಿಡಿಯುವ ಮ್ಯಾಪ್ ಅಂತೂ ಬೇಡವೇ ಬೇಡ. ಕಿಡಿಯನ್ನು ತಡ ಮಾಡಿ, ಪೆಟ್ರೋಲ್ ಎಕ್ಸಾಸ್ಟ್ ಪೈಪಿನಲ್ಲಿ ಉರಿಯುವಂತೆ ಮಾಡುವುದೇ ಅದರ ತಂತ್ರ. ಆ ಉರಿ ಕ್ಯಾಟಲಿಟಿಕ್ ಕನ್ವರ್ಟರ್‌ನ ಸೆರಾಮಿಕ್ ಜಾಲರಿಯನ್ನು ಸುಡುತ್ತದೆ, ಟರ್ಬೊಗೂ ಒಳ್ಳೆಯದಲ್ಲ. ರಾತ್ರಿ ಹನ್ನೊಂದಕ್ಕೆ ಆ ಸದ್ದಿಗೆ ಬೆಚ್ಚಿ ಏಳುವ ಮಕ್ಕಳು, ವಯಸ್ಸಾದವರು ನಮ್ಮ ಬೀದಿಯವರೇ.

ನಂಬಿಕೆ: 100 ಆಕ್ಟೇನ್ ಪೆಟ್ರೋಲ್ ಹಾಕಿದರೆ ಕಾರು ಹಾರುತ್ತದೆ

ಆಕ್ಟೇನ್ ಶಕ್ತಿಯ ಅಳತೆಯಲ್ಲ. ಒತ್ತಡಕ್ಕೆ ಸಿಕ್ಕ ಇಂಧನ ಅಕಾಲದಲ್ಲಿ ತಾನಾಗಿ ಹೊತ್ತಿಕೊಳ್ಳದಂತೆ ತಡೆದುಕೊಳ್ಳುವ ಗುಣದ ಅಳತೆ. ಅದಕ್ಕೆ ತಕ್ಕ ಮ್ಯಾಪ್ ಇದ್ದರೆ ಪ್ರಯೋಜನವುಂಟು, ಇಲ್ಲದಿದ್ದರೆ ಖರ್ಚು ಮಾತ್ರ.

ನಂಬಿಕೆ: ದೊಡ್ಡ ಬ್ರೇಕ್ ಹಾಕಿಸಿದರೆ ಬೇಗ ನಿಲ್ಲುತ್ತದೆ

ಈ ತಪ್ಪು ತಿಳಿವಳಿಕೆ ಜೀವಕ್ಕೇ ಸಂಬಂಧಿಸಿದ್ದು. ಬ್ರೇಕ್ ನಿಲ್ಲಿಸುವುದು ಚಕ್ರವನ್ನು, ಕಾರನ್ನು ನಿಲ್ಲಿಸುವುದು ಟೈರ್. ಪೆಡಲ್ ಬಲವಾಗಿ ಒತ್ತಿದಾಗ ಎಬಿಎಸ್ ಕಾಲಡಿ ಅದುರಿತೆಂದರೆ ಬ್ರೇಕಿನ ಶಕ್ತಿ ಆಗಲೇ ಟೈರಿನ ಹಿಡಿತವನ್ನು ಮೀರಿದೆ ಎಂದರ್ಥ. ಅಲ್ಲಿ ಇನ್ನೂ ದೊಡ್ಡ ಕ್ಯಾಲಿಪರ್ ಕೂರಿಸಿದರೆ ನಿಲ್ಲುವ ದೂರ ಕಡಿಮೆಯಾಗದು. ಒಂದೊಂದು ಟೈರ್ ರಸ್ತೆಗೆ ತಾಗುವುದು ಅಂಗೈಯಷ್ಟು ಜಾಗದಲ್ಲಿ. ಕಾರಿನ ಎಲ್ಲ ಶಕ್ತಿಯೂ ಆ ನಾಲ್ಕು ಜಾಗಗಳ ಮೂಲಕವೇ ಹಾಯಬೇಕು.

ವೇಗ ಏರಿದಂತೆ ಈ ಲೆಕ್ಕ ಇನ್ನೂ ಕಠಿಣ. ಗಂಟೆಗೆ 60 ಕಿಲೋಮೀಟರ್‌ನಿಂದ 85ಕ್ಕೆ ಹೋದರೆ ಬ್ರೇಕ್ ಕರಗಿಸಬೇಕಾದ ಚಲನಶಕ್ತಿ ಎರಡರಷ್ಟಾಗುತ್ತದೆ. ರೀಮ್ಯಾಪ್ ಆದ ಕಾರು ಆ 85ನ್ನು ಬೇಗ ಮುಟ್ಟುತ್ತದೆ, ಟೈರ್ ಮಾತ್ರ ಹಳೆಯದೇ. ಸೆಕೆಂಡ್‌ಹ್ಯಾಂಡ್ ಕಾರಿನಲ್ಲಿ ಟೈರಿನ ಪಕ್ಕದಲ್ಲಿ ಡಾಟ್ ಗುರುತಿನ ಕೊನೆಯ ನಾಲ್ಕು ಅಂಕಿ ಓದಿ: 2317 ಎಂದಿದ್ದರೆ 2017ರ 23ನೇ ವಾರ ತಯಾರಾದದ್ದು. ಟೈರಿನ ಗೆರೆಗಳು ಆಳವಾಗಿ ಉಳಿದಿದ್ದರೂ ವರ್ಷ ಕಳೆದಂತೆ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿತ ಬಿಡುತ್ತದೆ. ನನ್ನನ್ನು ಕೇಳಿದರೆ ಕಾರು ಬಂದ ಮೇಲಿನ ಮೊದಲ ಸಂಬಳದ ಉಳಿತಾಯ ಪೂರ್ತಿ ನಾಲ್ಕು ಒಳ್ಳೆಯ ಟೈರಿಗೆ ಹೋಗಲಿ ಎನ್ನುತ್ತೇನೆ.

ದೊಡ್ಡ ಬ್ರೇಕಿನ ನಿಜವಾದ ಲಾಭ ಶಾಖ ತಡೆಯುವುದು. ಆದರೆ ಅದಕ್ಕೂ ಅಗ್ಗದ ಪರಿಹಾರ ಮೊದಲಿದೆ: ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ಚಾರ್ಮಾಡಿಯಲ್ಲಿ ಇಡೀ ಘಾಟಿಯನ್ನು ಬ್ರೇಕ್ ಮೇಲೇ ಇಳಿದರೆ ಹಳೆಯ ಆಯಿಲ್ ಕುದಿದು, ಗುಳ್ಳೆ ಎದ್ದು, ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಇಳಿಜಾರಿನಲ್ಲಿ ಕೆಳಗಿನ ಗೇರ್ ಬಳಸಿ.

ನಂಬಿಕೆ: ಕಾರು ತಗ್ಗಿಸಿ, ದೊಡ್ಡ ಅಲಾಯ್ ಹಾಕಿದರೆ ತಿರುವಿನಲ್ಲಿ ಅಂಟಿಕೊಳ್ಳುತ್ತದೆ

ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ ಕಾರು ತಿರುವಿನ ನಡುವೆ ಉಬ್ಬು ಸಿಕ್ಕರೆ ಜಿಗಿಯುತ್ತದೆ. ಸ್ಪ್ರಿಂಗ್‌ನ ಬಿಗಿ ಬದಲಾಗಿದ್ದರೂ ಶಾಕ್ ಅಬ್ಸಾರ್ಬರ್ ಹಳೆಯ ಲೆಕ್ಕದ್ದೇ ಆಗಿರುವುದು ಇದಕ್ಕೆ ಕಾರಣ. ಭಾರವಾದ 17 ಇಂಚಿನ ಅಲಾಯ್ ಕಾರಿನ ಓಟವನ್ನು ಮಂದ ಮಾಡುತ್ತದೆ. ತೆಳು ಟೈರಿನ ಜೊತೆ ನಮ್ಮ ಗುಂಡಿಗಳಲ್ಲಿ ರಿಮ್ಮೇ ಬಾಗುತ್ತದೆ.

ನಂಬಿಕೆ: ಎಲ್ಲರೂ ಮಾಡಿಸಿದ್ದಾರೆ, ಏನೂ ಆಗುವುದಿಲ್ಲ

ಜೆ.ಸಿ. ರಸ್ತೆಯಲ್ಲಿ ಮಾರುವ ವಸ್ತುವೆಲ್ಲ ಕಾನೂನುಬದ್ಧ ಎಂದುಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರ ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಕಾನೂನು ಮೀರಿದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ವಿಮೆ ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆ, ಅಪಘಾತವಾದಾಗ ಕ್ಲೇಮ್ ತಿರಸ್ಕರಿಸಲು ಅವರಿಗೆ ಕಾರಣವಾಗುತ್ತದೆ.

ನಂಬಿಕೆ: ರಾತ್ರಿ ಏರ್‌ಪೋರ್ಟ್ ರಸ್ತೆಯಲ್ಲಿ ಓಡಿಸಿದರೆ ಕಾರಿನ ಸಾಮರ್ಥ್ಯ ತಿಳಿಯುತ್ತದೆ

ನೇರ ರಸ್ತೆಯಲ್ಲಿ ತಿಳಿಯುವುದು ಎಂಜಿನ್ ಒಂದೇ, ಅದೂ ಬೇರೆಯವರ ಜೀವ ಪಣಕ್ಕಿಟ್ಟು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಬೆಂಗಳೂರಿನಿಂದ ಒಂದು ದಿನದ ದಾರಿ. ಟ್ರ್ಯಾಕ್ ಡೇ ಇರುವಾಗ ಹೆಲ್ಮೆಟ್ ಹಾಕಿಕೊಂಡು, ಕಲಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ. ಮೊದಲ ಸಲ ಕಾರು ಕಂಪನಿಯಿಂದ ಬಂದಂತೆಯೇ ಇರಲಿ, ಒಳ್ಳೆಯ ಟೈರ್ ಮತ್ತು ಹೊಸ ಬ್ರೇಕ್ ಆಯಿಲ್ ಬಿಟ್ಟು ಬೇರೇನೂ ಬೇಡ. ಕೆಲವು ಸುತ್ತು ಕಳೆದಾಗ ಪೆಡಲ್ ಮೆತ್ತಗಾಯಿತೇ, ಮುಂದಿನ ಟೈರ್ ಜಾರಿತೇ, ಸೀಟು ಹಿಡಿದುಕೊಳ್ಳಲಿಲ್ಲವೇ ಎಂದು ಗಮನಿಸಿ ಬರೆದಿಟ್ಟುಕೊಳ್ಳಿ. ಮುಂದಿನ ಖರ್ಚು ಯಾವುದಕ್ಕೆ ಎಂಬುದು ಆ ಚೀಟಿಯಲ್ಲೇ ಇರುತ್ತದೆ.